ಭಾನುವಾರದ ಬಂಟರು

‘ಪ್ರೊಗ್ರೆಸಿವ್’ ಎಂಬ ಪದ ಕಿವಿಗೆ ಬಿದ್ದೊಡನೆ ಕನ್ನಡ ಸಾಹಿತ್ಯದ ಓದುಗರ ಮನಸ್ಸು ನಾಲ್ವತ್ತರ ದಶಕದತ್ತ ಹೊರಳುವುದು ಸಹಜ. ಅ.ನ.ಕೃ., ತ.ರಾ.ಸು., ನಿರಂಜನ, ಬಸವರಾಜ ಕಟ್ಟೀಮನಿ ಮೊದಲಾದವರ ಪ್ರಗತಿಶೀಲ ಪಂಥ ನಮಗೆ ಚಿರಪರಿಚಿತ. ಪ್ರೊಗ್ರೆಸಿವ್ ರಾಕ್ ಎಂಬುದು ಅಷ್ಟು ಪರಿಚಿತವಲ್ಲ. ಆದರೆ ಈ ಎರಡರ ನಡುವೆ ಕಾಲುಹಾದಿಯೊಂದು ಇಲ್ಲದಿಲ್ಲ. ಅ.ನ.ಕೃ. ಸಂಗೀತದ ಮಹಾ ರಸಿಕರು. ಅವರ ‘ಸಂಧ್ಯಾರಾಗ’ ಗಾಯಕನೊಬ್ಬನ ಬದುಕಿನ ಕಾದಂಬರಿ. ಅದು 1966ರಲ್ಲಿ ಚಲನಚಿತ್ರವಾದಾಗ ಭೀಮಸೇನ ಜೋಶಿಯವರೇ ಅದಕ್ಕೆ ಹಾಡಿದರು. ಸಾಹಿತ್ಯದ ಅಂಗಳದಲ್ಲಿ ಕುಳಿತು ಸಂಗೀತವನ್ನು ಮಾತನಾಡುವುದು ಕನ್ನಡಕ್ಕೆ ಹೊಸದಲ್ಲ ಎಂಬ ಧೈರ್ಯದಿಂದಲೇ ನಾವು ಈ ಬರಹಕ್ಕೆ ಕೈಹಾಕಿದ್ದೇವೆ.

ನಾವೆಂದರೆ ಠಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಹರಡಿಕೊಂಡಿರುವ ಹತ್ತು ಹನ್ನೆರಡು ಮನೆಗಳವರು. ಧಾರವಾಡದ ಕಡೆಯವರಿದ್ದೇವೆ, ಕುಂದಾಪುರ-ಉಡುಪಿಯವರಿದ್ದೇವೆ, ಮೈಸೂರು ಸೀಮೆಯವರಿದ್ದೇವೆ; ಇಲ್ಲಿಯೇ ಹುಟ್ಟಿ, ಊರನ್ನು ರಜೆಯಲ್ಲಷ್ಟೇ ಕಂಡ ಮಕ್ಕಳೂ ಇದ್ದಾರೆ. ತಿಂಗಳಿಗೊಂದು ಭಾನುವಾರ ಯಾರದಾದರೊಂದು ಮನೆಯಲ್ಲಿ ಸೇರುತ್ತೇವೆ. ಮೊದಲರ್ಧ ಪುಸ್ತಕಕ್ಕೆ, ಚಹಾದ ನಂತರದ ಅರ್ಧ ಸಂಗೀತಕ್ಕೆ. ಕಲ್ಯಾಣದವರು ನೆರೂಲಿಗೆ ಬರಬೇಕಾದರೆ ಠಾಣೆಯಲ್ಲಿ ಇಳಿದು ಇನ್ನೊಂದು ಮಾರ್ಗದ ಲೋಕಲ್ ಹಿಡಿಯಬೇಕು. ಭಾನುವಾರದ ಮೆಗಾಬ್ಲಾಕ್ ಇದ್ದರೆ ಆ ಹಾದಿಯೂ ಎರಡು ಪಟ್ಟು ಉದ್ದವಾಗುತ್ತದೆ. ಹಿರಿಯರು ಭೀಮಸೇನ ಜೋಶಿ, ಮಲ್ಲಿಕಾರ್ಜುನ ಮನ್ಸೂರರ ಮುದ್ರಿಕೆಗಳನ್ನು ತರುತ್ತಿದ್ದ ಈ ಕೂಟಕ್ಕೆ ‘ಅಗಂ’ ಎಂಬ ತಂಡವನ್ನು ತಂದವರು ಮಕ್ಕಳು. ಕಳೆದ ಕೆಲವು ವರ್ಷಗಳಿಂದ ನಮ್ಮ ಅತಿ ಬಿರುಸಿನ ಚರ್ಚೆಗಳೆಲ್ಲ ಅದರ ಸುತ್ತಲೇ ನಡೆದಿವೆ.

ಅಗಂ 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ತಂಡ. ಹರೀಶ್ ಶಿವರಾಮಕೃಷ್ಣನ್ ಅದರ ಮುಖ್ಯ ಗಾಯಕರು, ಪಿಟೀಲನ್ನೂ ನುಡಿಸುತ್ತಾರೆ. ಕರ್ನಾಟಕ ಸಂಗೀತದ ಕೃತಿಗಳನ್ನು ಪ್ರೊಗ್ರೆಸಿವ್ ರಾಕ್‌ನ ಗಿಟಾರು, ಕೀಬೋರ್ಡು, ಡ್ರಮ್‌ಗಳ ಜೊತೆಗೆ ಹೆಣೆಯುವುದು ಅವರ ಮಾರ್ಗ. ತಮಿಳಿನಲ್ಲಿ ‘ಅಗಂ’ ಎಂದರೆ ಒಳಗು, ಅಂತರಂಗ. ಈ ಪದದ ಹಿಂದೆ ಎರಡು ಸಾವಿರ ವರ್ಷಗಳ ಕಾವ್ಯವಿದೆ: ಸಂಗಂ ಕವಿಗಳು ಪ್ರೇಮದ, ಮನೆಯೊಳಗಿನ ಕವಿತೆಗಳನ್ನು ‘ಅಗಂ’ ಎಂದೂ, ಯುದ್ಧದ, ಊರಹೊರಗಿನ ಕವಿತೆಗಳನ್ನು ‘ಪುರಂ’ ಎಂದೂ ಕರೆದರು. ಆ ಅಗಂ ಕವಿತೆಗಳನ್ನು 1967ರ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಮೂಲಕ ಲೋಕಕ್ಕೆ ತೋರಿಸಿದವರು ನಮ್ಮ ಮೈಸೂರಿನ ಎ.ಕೆ. ರಾಮಾನುಜನ್. ತಂಡದ ಹೆಸರಿನ ಈ ನಂಟನ್ನು ಹೇಳಿದ ಮೇಲೆಯೇ ನಮ್ಮ ಹಿರಿಯರಲ್ಲಿ ಕೆಲವರು ಕಿವಿಗೊಡಲು ಒಪ್ಪಿದ್ದು.

ಪ್ರೊಗ್ರೆಸಿವ್ ರಾಕ್ ಹುಟ್ಟಿದ್ದು ಅರವತ್ತರ ದಶಕದ ಕೊನೆಯ ಇಂಗ್ಲೆಂಡಿನಲ್ಲಿ. ಮೂರು ನಿಮಿಷದ ಪ್ರೇಮಗೀತೆಯಲ್ಲಿ ಉಸಿರುಗಟ್ಟಿದಂತಾದ ಯುವಕರು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಿಂದಲೂ ಜಾಜ್‌ನಿಂದಲೂ ಕಡ ತಂದು ಹಾಡನ್ನು ಹಿಗ್ಗಿಸಿದರು. ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಮ್ 1969ರದು. ‘ಯೆಸ್’ ಎಂಬ ತಂಡ 1972ರಲ್ಲಿ ‘ಕ್ಲೋಸ್ ಟು ದಿ ಎಡ್ಜ್’ ಎಂಬ ಒಂದೇ ರಚನೆಗೆ ಎಲ್.ಪಿ. ತಟ್ಟೆಯ ಇಡೀ ಒಂದು ಮುಖವನ್ನು, ಅಂದರೆ 18 ನಿಮಿಷಕ್ಕೂ ಮಿಗಿಲಾದ ಕಾಲವನ್ನು, ಮೀಸಲಿಟ್ಟಿತು. ಧಾರವಾಡದ ಕಿವಿಗೆ ಇದರಲ್ಲಿ ಅಚ್ಚರಿಯೇನಿಲ್ಲ. 78 ಆರ್‌ಪಿಎಂ ತಟ್ಟೆಯ ಮೂರು ಮೂರೂವರೆ ನಿಮಿಷದಲ್ಲಿ ರಾಗವನ್ನು ಮಡಚಿ ಇಡಬೇಕಾಗಿದ್ದ ನಮ್ಮ ಗವಾಯಿಗಳು ಎಲ್.ಪಿ. ಬಂದಾಗ ಕಾಲು ಚಾಚಿ ಕುಳಿತರು. ಹಾಡಿಗೆ ಸ್ಥಳ ಬೇಕು ಎಂಬ ಹಸಿವು ಎರಡೂ ಕಡೆ ಒಂದೇ ಆಗಿತ್ತು.

ಇನ್ನು ತಾಳ. ರಾಕ್ ಸಂಗೀತದ ರೂಢಿಯ ಲೆಕ್ಕ ನಾಲ್ಕು. ಪ್ರೊಗ್ರೆಸಿವ್ ತಂಡಗಳು ಐದಕ್ಕೆ, ಏಳಕ್ಕೆ, ಒಂಬತ್ತಕ್ಕೆ ಹೋದವು. ಪಿಂಕ್ ಫ್ಲಾಯ್ಡ್ ತಂಡದ 1973ರ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಆಲ್ಬಮ್ಮಿನಲ್ಲಿ ‘ಮನಿ’ ಎಂಬ ಹಾಡಿದೆ. ನಾಣ್ಯಗಳ ಸದ್ದಿನಿಂದ ಆರಂಭವಾಗುವ ಅದು ಬಹುಪಾಲು ಏಳರ ಲೆಕ್ಕದಲ್ಲಿ ನಡೆದು, ಗಿಟಾರಿನ ಏಕವಾದನಕ್ಕೆ ಬಂದಾಗ ನಾಲ್ಕಕ್ಕೆ ಇಳಿಯುತ್ತದೆ. ಇದನ್ನು ಕೇಳಿಸಿದಾಗ ಡೊಂಬಿವಲಿಯ ನಮ್ಮ ಗಮಕಿಯೊಬ್ಬರು ತೊಡೆಯ ಮೇಲೆ ಬೆರಳೆಣಿಸುತ್ತ, “ಏಳೇನು ಮಹಾ? ಕುಮಾರವ್ಯಾಸನದೂ ಏಳೇ,” ಎಂದರು. ಅವರ ಮಾತು ಸರಿ. ಭಾಮಿನಿ ಷಟ್ಪದಿಯ ಗಣವಿನ್ಯಾಸ ಮೂರು-ನಾಲ್ಕು, ಮೂರು-ನಾಲ್ಕು ಮಾತ್ರೆಗಳದು. ಗದುಗಿನ ಭಾರತದ ಹತ್ತು ಪರ್ವಗಳೂ ಈ ಏಳರ ನಡೆಯಲ್ಲಿವೆ. ಗಮಕಿಗಳು ತಾಳ ಹಾಕದಿದ್ದರೂ ಅದು ಒಳಗೆ ಮಿಡಿಯುತ್ತಲೇ ಇರುತ್ತದೆ. ಕರ್ನಾಟಕ ಸಂಗೀತದವರು ಇದನ್ನು ಮಿಶ್ರ ಛಾಪು ಎನ್ನುತ್ತಾರೆ, ಹಿಂದುಸ್ತಾನಿಯವರ ರೂಪಕವೂ ಏಳೇ. ಲಂಡನ್ನಿನ ಹುಡುಗರಿಗೆ ಸಾಹಸವಾಗಿದ್ದುದು ನಮಗೆ ಹುಟ್ಟುಗುಣ. ಅಂದಿನಿಂದ ಆ ಗಮಕಿಗಳು ಅಗಂ ಕುರಿತ ಯಾವ ಚರ್ಚೆಯನ್ನೂ ತಪ್ಪಿಸಿಲ್ಲ.

ಅಭಿಮಾನಿಗಳ ಮೊದಲ ದೂರು ಆಲ್ಬಮ್‌ಗಳ ಸಂಖ್ಯೆಯದು. ‘ದಿ ಇನ್ನರ್ ಸೆಲ್ಫ್ ಅವೇಕನ್ಸ್’ ಬಂದದ್ದು 2012ರಲ್ಲಿ, ತಂಡ ಹುಟ್ಟಿ ಒಂಬತ್ತು ವರ್ಷಗಳ ಮೇಲೆ. ‘ಎ ಡ್ರೀಮ್ ಟು ರಿಮೆಂಬರ್’ 2017ರದು. ಮೂರನೆಯದಾದ ‘ಅರೈವಲ್ ಆಫ್ ದಿ ಈಥೀರಿಯಲ್’ಗಾಗಿ 2025ರವರೆಗೆ ಕಾಯಬೇಕಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಮೂರೇ ಆಲ್ಬಮ್! ಇವುಗಳಲ್ಲಿ ಯಾವುದು ಮೇಲು ಎಂಬುದರ ಬಗ್ಗೆ ನಮ್ಮಲ್ಲಿ ಒಮ್ಮತವಿಲ್ಲ. ಖಾರಘರದ ಎಳೆಯರು ಎರಡನೆಯದರ ಪಕ್ಷ. ಅದರಲ್ಲಿ ‘ಮಿಸ್ಟ್ ಆಫ್ ಕ್ಯಾಪ್ರಿಕಾರ್ನ್’ ಎಂಬ ಹೆಸರಿನಲ್ಲಿ ತ್ಯಾಗರಾಜರ ‘ಮನವ್ಯಾಲಕಿಂಚರಾ’ ಇದೆ. ನಳಿನಕಾಂತಿ ರಾಗದ ಈ ಕೃತಿ ನನ್ನ ಮೊರೆಯನ್ನು ಕೇಳಬಾರದೇ ಎಂದು ಬೇಡುವಂಥದು. ಅಗಂ ಅದನ್ನು ಕೈಗೆತ್ತಿಕೊಂಡಾಗ ಒಬ್ಬನ ಮೊರೆ ಒಂದು ಊರಿನ ಮೊರೆಯಾಗುತ್ತದೆ. ಹಿರಿಯರ ಒಲವು ಮೊದಲ ಆಲ್ಬಮ್ಮಿನತ್ತ; ಅಲ್ಲಿ ವಾದ್ಯಗಳು ಕಡಿಮೆ, ಕೃತಿಯ ಎಲುಬು ಸ್ಪಷ್ಟವಾಗಿ ಕಾಣುತ್ತದೆ ಎಂಬುದು ಅವರ ವಾದ. ವಾದ್ಯಗಳು ಹೆಚ್ಚಿದಂತೆ ಗಮಕಗಳ ಸಣ್ಣ ಅಲುಗಾಟ ಮುಳುಗಿಹೋಗುವುದು ಈ ಬಗೆಯ ಸಂಗೀತದ ನಿಜವಾದ ಅಪಾಯ. ಈ ಮಾತಿನಲ್ಲಿ ನಾವು ಹಿರಿಯರ ಪಕ್ಷ.

ಆದರೆ ಆಲ್ಬಮ್‌ಗಳ ಚರ್ಚೆ ಬೇಗ ಮುಗಿಯುತ್ತದೆ. ವೇದಿಕೆಯ ಮುದ್ರಿಕೆಗಳ ಚರ್ಚೆ ಮುಗಿಯುವುದೇ ಇಲ್ಲ. ಆಲ್ಬಮ್ಮಿನಲ್ಲಿ ಹಾಡು ಒಮ್ಮೆ ಒಂದು ರೂಪಕ್ಕೆ ನಿಂತರೆ ಅದೇ ಅಂತಿಮ. ವೇದಿಕೆಯಲ್ಲಿ ಗಾಯಕರು ಆಲಾಪನೆಯನ್ನು ಒಂದು ದಿನ ಬೆಳೆಸುತ್ತಾರೆ, ಇನ್ನೊಂದು ದಿನ ಮೊಟಕುಗೊಳಿಸುತ್ತಾರೆ. ಸ್ವರಕಲ್ಪನೆಗೆ ಗಿಟಾರು ಉತ್ತರ ಕೊಡುತ್ತದೆ. ಒಂದೇ ಕೃತಿಯ ನಾಲ್ಕಾರು ರೂಪಗಳನ್ನು ಮುಂದಿಟ್ಟುಕೊಂಡು ಹೋಲಿಸುವುದು ನಮ್ಮ ಮಕ್ಕಳ ಹವ್ಯಾಸ. ಹಿರಿಯರಿಗೂ ಇದು ಹೊಸದಲ್ಲ. ಪುಣೆಯ ಸವಾಯಿ ಗಂಧರ್ವ ಉತ್ಸವದ ರಾತ್ರಿಗಳ ಕ್ಯಾಸೆಟ್‌ಗಳು ಮನೆಯಿಂದ ಮನೆಗೆ ಪ್ರತಿಯಾಗುತ್ತ ಸಾಗಿದ ಕಾಲ ಅವರದು. ಪ್ರತಿಯ ಪ್ರತಿಯಾಗುತ್ತ ತಂಬೂರಿಯ ನಾದ ಮಾಸಿಹೋಗುತ್ತಿತ್ತು, ಯಾರದೋ ಕೆಮ್ಮು ಮಾತ್ರ ಉಳಿಯುತ್ತಿತ್ತು. ಆ ಕೆಮ್ಮನ್ನೂ ನಾವು ಪ್ರೀತಿಸಿದೆವು. ಅಲ್ಲೊಬ್ಬ ಕೇಳುಗ ಇದ್ದ ಎಂಬುದಕ್ಕೆ ಅದೇ ಸಾಕ್ಷಿ. ಪಿಂಕ್ ಫ್ಲಾಯ್ಡ್ ತಂಡದವರು 1971ರಲ್ಲಿ ಇಟಲಿಯ ಪಾಂಪೇ ನಗರದ ಪುರಾತನ ಬಯಲು ರಂಗಮಂದಿರದಲ್ಲಿ ಒಬ್ಬ ಪ್ರೇಕ್ಷಕನೂ ಇಲ್ಲದೆ ನುಡಿಸಿ ಚಿತ್ರೀಕರಿಸಿಕೊಂಡರು. ಅದ್ಭುತವಾದ ಚಿತ್ರ ಅದು. ಆದರೆ ಅದನ್ನು ನೋಡಿದ ನಮ್ಮ ಹಿರಿಯರೊಬ್ಬರು, “ಇಷ್ಟು ಚೆನ್ನಾಗಿ ನುಡಿಸಿದರೂ ‘ವಾಹ್’ ಎನ್ನುವವರು ಒಬ್ಬರೂ ಇಲ್ಲವಲ್ಲ ಪಾಪ,” ಎಂದು ಮರುಗಿದರು.

ಆಲ್ಬಮ್‌ಗಳು ಏಕೆ ಇಷ್ಟು ತಡ ಎಂಬ ಪ್ರಶ್ನೆಗೆ ಉತ್ತರ ಸರಳ. ಅಗಂ ಸದಸ್ಯರು ಬಹುಕಾಲ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಮೊದಲಾದ ನೌಕರಿಗಳಲ್ಲಿ ಇದ್ದುಕೊಂಡೇ ಸಂಗೀತ ಕಟ್ಟಿದವರು. ವಾರವೆಲ್ಲ ಕಚೇರಿ, ಉಳಿದ ಹೊತ್ತಿನಲ್ಲಿ ಅಭ್ಯಾಸ. ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮೊದಲ ಆಲ್ಬಮ್ಮಿನ ‘ಸ್ವಾನ್ಸ್ ಆಫ್ ಸರಸ್ವತಿ’ಯನ್ನು ಕೇಳಬೇಕು. ಹಂಸನಾದ ರಾಗದಲ್ಲಿ ತ್ಯಾಗರಾಜರು ರಚಿಸಿದ ‘ಬಂಟುರೀತಿ’ ಕೃತಿಯೇ ಅದು. ತ್ಯಾಗರಾಜರು ಅಲ್ಲಿ ರಾಮನ ಓಲಗದಲ್ಲಿ ತಮಗೊಂದು ಬಂಟನ ಕೆಲಸ ಕೊಡು ಎಂದು ಅರ್ಜಿ ಹಾಕುತ್ತಾರೆ. ಆ ನೌಕರಿಯ ಸಮವಸ್ತ್ರವನ್ನೂ ಅವರೇ ವಿವರಿಸುತ್ತಾರೆ: ರೋಮಾಂಚವೇ ಕವಚ, ರಾಮಭಕ್ತ ಎಂಬುದೇ ಎದೆಯ ಬಿಲ್ಲೆ, ರಾಮನಾಮವೇ ಖಡ್ಗ. ವಾರದ ಐದು ದಿನ ಕಂಪನಿಯ ಬಿಲ್ಲೆಯನ್ನು ಕೊರಳಿಗೆ ನೇತುಹಾಕಿಕೊಂಡು ತಿರುಗುವವರು ಶನಿವಾರ ಸಂಜೆ ವೇದಿಕೆ ಏರಿ ಬೇರೊಬ್ಬ ಒಡೆಯನ ಬಳಿ ಕೆಲಸ ಬೇಡುತ್ತಾರೆ. ಕೃತಿ ತೆಲುಗಿನದಾದರೂ ‘ಬಂಟ’ ಎಂಬ ಪದ ನಮ್ಮದೂ ಹೌದು. ಮುಂಬಯಿಯ ಕನ್ನಡಿಗರಿಗೆ ಅದರ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಉಪನಗರಗಳಲ್ಲಿ ಕನ್ನಡವನ್ನು ಉಳಿಸಿದವರೂ ಇಂಥ ಬಂಟರೇ. ಮಾಟುಂಗದ ಮೈಸೂರು ಅಸೋಸಿಯೇಷನ್ 1926ರಷ್ಟು ಹಳೆಯದು. ಅದರಿಂದ ಡೊಂಬಿವಲಿ ಕರ್ನಾಟಕ ಸಂಘದವರೆಗೆ ಎಲ್ಲ ಸಂಸ್ಥೆಗಳನ್ನೂ ಕಟ್ಟಿದವರು ಬ್ಯಾಂಕು, ರೈಲ್ವೆ, ಗಿರಣಿ, ಹೋಟೆಲುಗಳಲ್ಲಿ ದುಡಿದು, ಮಿಕ್ಕ ಗಳಿಗೆಯಲ್ಲಿ ನಾಟಕ ಆಡಿದವರು, ಯಕ್ಷಗಾನದ ಗೆಜ್ಜೆ ಕಟ್ಟಿದವರು, ಕರಡು ತಿದ್ದಿದವರು. ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕನ್ನಡ ಕಲಿತವರು ಈ ನಗರದ ಚರಿತ್ರೆಯಲ್ಲಿ ಎಷ್ಟೋ ಮಂದಿ. ಇವರು ಯಾರೂ ಪೂರ್ಣಾವಧಿ ಕಲಾವಿದರಲ್ಲ. ಹೀಗಾಗಿ ಮೂರೇ ಆಲ್ಬಮ್ ಎಂದು ಮಕ್ಕಳು ಗೊಣಗಿದಾಗ ನಮ್ಮಲ್ಲಿ ಹಲವರಿಗೆ ಗೊಣಗಲು ಮನಸ್ಸು ಬರುವುದಿಲ್ಲ. ರಜಾದಿನದಲ್ಲಿ ಕಟ್ಟಿದ್ದು ನಿಧಾನವಾಗಿಯೇ ಏಳುತ್ತದೆ ಎಂಬುದನ್ನು ನಾವು ಬಲ್ಲೆವು.

ಇಷ್ಟಾದ ಮೇಲೂ ಒಂದು ಪ್ರಶ್ನೆ ಪ್ರತಿ ಕೂಟದಲ್ಲೂ ಎದ್ದು ನಿಲ್ಲುತ್ತದೆ: ಬೆಂಗಳೂರಿನ ಈ ತಂಡದಲ್ಲಿ ನಾವು ಮೆಚ್ಚುವ ಹಾಡುಗಳು ತೆಲುಗಿನವು, ದೀಕ್ಷಿತರ ‘ರಂಗಪುರ ವಿಹಾರ’ದಂಥ ಸಂಸ್ಕೃತದವು, ಕನ್ನಡ ಕೂಟದ ಅರ್ಧ ಭಾನುವಾರವನ್ನು ಇವುಗಳಿಗೆ ಕೊಡುವುದು ನ್ಯಾಯವೇ? ಒಂದು ಉತ್ತರ ನಮ್ಮ ಲೋಕಲ್ ರೈಲಿನಲ್ಲೇ ಇದೆ. ಕಲ್ಯಾಣದಿಂದ ಹೊರಡುವ ಬೆಳಗಿನ ಗಾಡಿಗಳ ಡಬ್ಬಗಳಲ್ಲಿ ಭಜನಾ ಮಂಡಳಿಗಳಿರುತ್ತವೆ. ಕಚೇರಿಗೆ ಹೋಗುವವರೇ ತಾಳ ಕುಟ್ಟುತ್ತ ಅಭಂಗ ಹಾಡುತ್ತಾರೆ. ಆ ಅಭಂಗಗಳ ವಿಠ್ಠಲನನ್ನು ಜ್ಞಾನೇಶ್ವರರು ಕನ್ನಡಿಗನೆಂದೇ ಕರೆದಿದ್ದಾರೆ. ಕನ್ನಡದ ದೈವ ಮರಾಠಿಯಲ್ಲಿ ಹಾಡಿಸಿಕೊಂಡರೆ ನಮಗೆ ಹೆಮ್ಮೆ. ಬೆಂಗಳೂರಿನ ಗಿಟಾರು ತೆಲುಗು ನುಡಿದರೆ ಮುನಿಸು ಏಕೆ? ಇನ್ನೊಂದು ಉತ್ತರವೂ ಇದೆ, ಅದು ಇಷ್ಟು ಸುಲಭದ್ದಲ್ಲ. ತೆಲುಗು ಕೃತಿಯನ್ನು ನಾವು ರಾಗಕ್ಕಾಗಿ ಕೇಳಿ ತಣಿಯಬಹುದು. ಮಾತಿನ ಹಸಿವು ಅದರಿಂದ ಹಿಂಗುವುದಿಲ್ಲ. ನಮ್ಮ ಮಕ್ಕಳಿಗೆ ಕನ್ನಡದ ಮಾತು ಬೇಕು.

ಆ ಮಾತನ್ನು ಅವರಿಗೆ ತಲುಪಿಸಿದ್ದು ಇನ್ನೊಂದು ತಂಡ. ಕಲ್ಯಾಣದಿಂದ ಕಸಾರಾ ಘಟ್ಟ ಹತ್ತಿದರೆ ಸಿಗುವ ನಾಶಿಕದಲ್ಲಿ ಹುಟ್ಟಿ, ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ 2008ರಲ್ಲಿ ಹೊರಬಂತು. ಹೊರತಂದವರು ಮುಂಬಯಿಯ ಸಂಗೀತ ಸಂಯೋಜಕರಾದ ವಿಶಾಲ್-ಶೇಖರ್. ಅದು ಪ್ರೊಗ್ರೆಸಿವ್ ರಾಕ್ ಅಲ್ಲ, ಜಾನಪದದ ನೆಲಗಟ್ಟಿನ ರಾಕ್. ಅದರಲ್ಲಿ ಶಿಶುನಾಳ ಷರೀಫರ ಪದಗಳಿವೆ. ಮನೆಯ ಮಾಳಿಗೆ ಸೋರುತ್ತಿದೆ ಎಂಬ ಅವರ ತತ್ವಪದವನ್ನು ನಮ್ಮ ಮಕ್ಕಳು ಕಲಿತದ್ದು ಶಾಲೆಯಲ್ಲಲ್ಲ, ಈ ಗಿಟಾರಿನಿಂದ. ಅರ್ಥ ಕೇಳಲು ಅವರು ನಮ್ಮ ಬಳಿ ಬಂದರು. ಮೇ ತಿಂಗಳ ಕೊನೆಯಲ್ಲಿ ಗಚ್ಚಿಗೆ ತಾಡಪತ್ರಿ ಹೊದಿಸಿ, ಜೂನ್ ಬಂದೊಡನೆ ಸೂರಿನ ಕೆಳಗೆ ಬಕೀಟು ಇಡುವ ಡೊಂಬಿವಲಿಯ ಹಳೆಯ ಕಟ್ಟಡಗಳಲ್ಲಿ ಬೆಳೆದವರಿಗೆ ಸೋರುವ ಮಾಳಿಗೆಯನ್ನು ವಿವರಿಸುವುದು ಕಷ್ಟವಾಗಲಿಲ್ಲ. ಅದು ಅಜ್ಞಾನದಿಂದ ಸೋರುತ್ತದೆ ಎಂದು ಷರೀಫರು ಹೇಳುವುದನ್ನು ತಿಳಿಸಲು ಮಾತ್ರ ಒಂದು ಇಡೀ ಭಾನುವಾರ ಹಿಡಿಯಿತು. ಆ ಭಾನುವಾರ ಕಳಸದ ಗೋವಿಂದಭಟ್ಟರ ಹೆಸರು ಬಂತು, ಗುರು-ಶಿಷ್ಯರು ಮತದ ಗಡಿ ದಾಟಿದ ಕಥೆ ಬಂತು, 1819ರಿಂದ 1889ರವರೆಗಿನ ಆ ಬದುಕು ಬಂತು.

ಹಿರಿಯರಿಗೆ ಇದು ಪೂರ್ತಿ ಹಿತವಾಗಲಿಲ್ಲ. “ಷರೀಫರೆಂದರೆ ಅಶ್ವತ್ಥರು ಹಾಡಿದ್ದೇ ಷರೀಫರು,” ಎಂದು ಠಾಣೆಯ ಒಬ್ಬರು ಪಟ್ಟುಹಿಡಿದರು. ಸಿ. ಅಶ್ವತ್ಥರ ಹಕ್ಕನ್ನು ಯಾರು ಅಲ್ಲಗಳೆದಾರು? 1990ರಲ್ಲಿ ಬಂದ ನಾಗಾಭರಣರ ‘ಸಂತ ಶಿಶುನಾಳ ಷರೀಫ’ ಚಿತ್ರದ ಹಾಡುಗಳೇ ನಮ್ಮ ಪೀಳಿಗೆಗೆ ಷರೀಫರನ್ನು ಕೊಟ್ಟದ್ದು. ಆಗ ಖಾರಘರದ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: “ಕಾಕಾ, ಅಶ್ವತ್ಥರಿಗಿಂತ ಮೊದಲು ಇವನ್ನು ಯಾರು ಹಾಡುತ್ತಿದ್ದರು?” ಉತ್ತರವನ್ನು ಧಾರವಾಡದ ಕಡೆಯವರೇ ಕೊಡಬೇಕಾಯಿತು. ಏಕತಾರಿ, ದಪ್ಪು ಹಿಡಿದ ಭಜನೆಯವರು ಹಾಡುತ್ತಿದ್ದರು. ಅವರ ಕಿವಿಗೆ ಅಶ್ವತ್ಥರ ಹಾರ್ಮೋನಿಯಂ, ತಬಲಾ, ಕೀಬೋರ್ಡುಗಳೂ ಹೊಸತಾಗಿಯೇ ಕೇಳಿಸಿರಬೇಕು. ಷರೀಫರು ಯಾವ ಆಲ್ಬಮ್ಮನ್ನೂ ಬಿಟ್ಟುಹೋಗಲಿಲ್ಲ. ಅವರದು ಪೂರ್ತಿಯಾಗಿ ವೇದಿಕೆಯ ಬದುಕು. ಹಾಡಿದವರೆಲ್ಲರೂ ತಮ್ಮ ಕಾಲದ ವಾದ್ಯದಿಂದ ಅದನ್ನು ಮರಳಿ ಮರಳಿ ಹಾಡಿದ್ದರಿಂದಲೇ ಅದು ಉಳಿಯಿತು. ಠಾಣೆಯವರು ಒಪ್ಪಲಿಲ್ಲ. ಮುಂದಿನ ತಿಂಗಳು ಅಶ್ವತ್ಥರದನ್ನೂ ರಘು ದೀಕ್ಷಿತರದನ್ನೂ ಒಂದರ ಹಿಂದೊಂದು ಕೇಳಿಸಿ ತೀರ್ಮಾನಿಸೋಣ ಎಂದರು. ಕೇಳಿದ್ದಾಯಿತು, ತೀರ್ಮಾನ ಇನ್ನೂ ಆಗಿಲ್ಲ.

ಆದರೆ ಹಾಡಿನಿಂದ ಬಂದ ಕನ್ನಡಕ್ಕೆ ಒಂದು ಕೊರತೆ ಇದೆ. ಇಲ್ಲಿ ಬೆಳೆದ ಮಕ್ಕಳಲ್ಲಿ ಬಹುಪಾಲಿನವರಿಗೆ ಕನ್ನಡ ಕಿವಿಯಲ್ಲಿದೆ, ಕಣ್ಣಿನಲ್ಲಿಲ್ಲ. ಹಾಡುಗಳನ್ನು ಅವರು ದೇವನಾಗರಿಯಲ್ಲಿ ಬರೆದುಕೊಳ್ಳುತ್ತಾರೆ. ಮರಾಠಿಯಲ್ಲಿ ಳಕಾರ ಇರುವುದರಿಂದ ನಮ್ಮ ಳಕಾರಕ್ಕೆ ಅಲ್ಲಿ ಪೀಠ ಸಿಗುತ್ತದೆ. ಆದರೆ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘಗಳ ಭೇದಕ್ಕೆ ಸಿಗುವುದಿಲ್ಲ. ‘ಕೊಡು’ ಎಂದು ಬೇಡಿದ್ದೂ ಪ್ರಾಣಿಯ ‘ಕೋಡೂ’ ಒಂದೇ ಆಗಿಬಿಡುತ್ತವೆ. ಕೋಡಗವನ್ನು ಕೋಳಿ ನುಂಗಿದ ಷರೀಫರ ಒಗಟಿನ ಪದವನ್ನು ಒಬ್ಬ ಹುಡುಗ ಹಾಗೆ ಬರೆದುಕೊಂಡು ಹಾಡಿದಾಗ ಮಂಗ ಹೋಗಿ ನೀರಿನ ಕೊಡ ಬಂತು. ನಾವೆಲ್ಲ ನಕ್ಕೆವು, ಅವನೂ ನಕ್ಕ. ನಕ್ಕು ಮುಗಿದ ಮೇಲೆ, ಈ ಒಂದು ಮಾತ್ರೆಯ ವ್ಯತ್ಯಾಸ ನಮ್ಮೊಂದಿಗೇ ಮುಗಿದುಹೋದರೆ ಎಂಬ ಅಳುಕು ಕೋಣೆಯಲ್ಲಿ ಉಳಿಯಿತು. ಏಳು ಮಾತ್ರೆಗಳ ಭಾಮಿನಿಯಲ್ಲಿ ಒಂದು ದೀರ್ಘ ಹ್ರಸ್ವವಾದರೆ ಆರೇ ಉಳಿಯುತ್ತವೆ, ನಡೆ ಕುಂಟುತ್ತದೆ. ಗಮಕಿಗಳು ಇದನ್ನು ಹೇಳಿದಾಗ ಡ್ರಮ್ ಕಲಿಯುತ್ತಿದ್ದ ಆ ಹುಡುಗನಿಗೆ ತಟ್ಟನೆ ಅರ್ಥವಾಯಿತು. ಲಿಪಿ ಏಕೆ ಬೇಕು ಎಂಬುದಕ್ಕೆ ನಾವು ಹತ್ತು ವರ್ಷ ಕೊಟ್ಟ ಉಪದೇಶಕ್ಕಿಂತ ಈ ಲೆಕ್ಕ ಅವನಿಗೆ ಹೆಚ್ಚು ತಾಗಿತು.

ಅಭಿಮಾನಿಗಳ ಕೊನೆಯ ವಿಷಯ ಯಾವಾಗಲೂ ಭವಿಷ್ಯ. ಅಗಂ ನಾಲ್ಕನೆಯ ಆಲ್ಬಮ್ ಮಾಡೀತೇ? ಮಾಡಿದರೆ ವಾದ್ಯವೃಂದ ಇನ್ನೂ ಹಿಗ್ಗೀತೇ, ಇಲ್ಲವೇ ಎಲುಬು ಕಾಣುವ ಹಳೆಯ ಸರಳತೆಗೆ ಮರಳೀತೇ? ನೆರೂಲಿನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2019ರ ಡಿಸೆಂಬರಿನಲ್ಲಿ ಯೂಟೂ ಬಂದು ಹಾಡಿತು. 2025ರ ಜನವರಿಯಲ್ಲಿ ಕೋಲ್ಡ್‌ಪ್ಲೇ ಮೂರು ದಿನ ಹಾಡಿತು. ನಮ್ಮೂರಿಗೇ ಜಗತ್ತು ಬಂದಂತಾಗಿ ಮಕ್ಕಳು ಹಿಗ್ಗಿದರು. ಭಾನುವಾರದ ಸಂಗೀತಕ್ಕೆ ಅಂಥ ಮೈದಾನ ಬೇಡ. ಡೊಂಬಿವಲಿಯ ಸಾವಿತ್ರಿಬಾಯಿ ಫುಲೆ ನಾಟ್ಯಗೃಹವೋ ಕಲ್ಯಾಣದ ಆಚಾರ್ಯ ಅತ್ರೆ ರಂಗಮಂದಿರವೋ ಸಾಕು. ನಮ್ಮ ಬೇಡಿಕೆಯೂ ದೊಡ್ಡದಲ್ಲ: ಯಾವುದಾದರೊಂದು ತಂಡ ಪುರಂದರದಾಸರ ಒಂದು ಪದವನ್ನು, ಅಲ್ಲಮನ ಒಂದು ವಚನವನ್ನು, ಇಲ್ಲವೇ ಕುಮಾರವ್ಯಾಸನ ಹತ್ತು ಷಟ್ಪದಿಗಳನ್ನು ಕೈಗೆತ್ತಿಕೊಂಡು ಹದಿನೆಂಟು ನಿಮಿಷ ಹಿಗ್ಗಿಸಿ ಹಾಡಲಿ. ಏಳರ ಲೆಕ್ಕ ಸಿದ್ಧವಾಗಿಯೇ ಇದೆ. ಕರ್ಣಪರ್ವಕ್ಕೆ ಗಿಟಾರು ಒಗ್ಗದು ಎಂದು ಯಾರೂ ಮೊದಲೇ ತೀರ್ಪು ಕೊಡಬೇಕಾಗಿಲ್ಲ.

ತಂಡದ ಭವಿಷ್ಯಕ್ಕಿಂತ ನಮ್ಮ ಕೂಟದ ಭವಿಷ್ಯವೇ ಹೆಚ್ಚು ಅನಿಶ್ಚಿತ ಎಂಬುದನ್ನೂ ಮುಚ್ಚಿಡಬೇಕಾಗಿಲ್ಲ. ಕಳೆದ ವರ್ಷ ಇಬ್ಬರು ಹಿರಿಯರು ಮಕ್ಕಳಿದ್ದ ಊರಿಗೆ ಹೊರಟುಹೋದರು. ಈ ವರ್ಷ ಎಳೆಯರಲ್ಲಿ ಇಬ್ಬರು ನೌಕರಿಗೆಂದು ಪುಣೆಗೆ, ಬೆಂಗಳೂರಿಗೆ ತೆರಳಿದ್ದಾರೆ. ಬೆಂಗಳೂರಿಗೆ ಹೋದವಳು ಅಲ್ಲಿಂದ ಕರೆಮಾಡಿ, “ಇಲ್ಲಿ ನನ್ನ ಜೊತೆ ಕೆಲಸ ಮಾಡುವವರಲ್ಲಿ ಷರೀಫರ ಹೆಸರು ಕೇಳಿದವರು ಒಬ್ಬರೂ ಇಲ್ಲ ಮಾಮಿ,” ಎಂದಳು. ಅವಳ ದನಿಯಲ್ಲಿ ದೂರಿತ್ತು, ಸ್ವಲ್ಪ ಹೆಮ್ಮೆಯೂ ಇತ್ತು. ಅಲ್ಲಿಯೂ ನಾಲ್ಕು ಮಂದಿಯನ್ನು ಭಾನುವಾರ ಸೇರಿಸುವ ಯೋಚನೆ ಅವಳದು.

ಇಲ್ಲಿ ಉಳಿದವರು ಒಂದು ಕೆಲಸ ಆರಂಭಿಸಿದ್ದೇವೆ. ದಪ್ಪ ರಟ್ಟಿನ ಒಂದು ನೋಟುಪುಸ್ತಕದಲ್ಲಿ, ನಾವು ಕೂಡಿ ಕೇಳಿದ ಕನ್ನಡ ಹಾಡುಗಳನ್ನೆಲ್ಲ ಕನ್ನಡ ಲಿಪಿಯಲ್ಲಿಯೇ ಬರೆದಿಡುವುದು. ಬ ಬರೆಯುವವರು ಮಕ್ಕಳು, ತಿದ್ದುವವರು ಹಿರಿಯರು. ಯಾರು, ಯಾವ ವರ್ಷ, ಯಾವ ರಾಗದಲ್ಲಿ ಹಾಡಿದರು ಎಂಬ ಟಿಪ್ಪಣಿ ಪ್ರತಿ ಹಾಡಿನ ಕೆಳಗೆ ಇರುತ್ತದೆ. ಅಶ್ವತ್ಥರದು ಒಂದು ಸಾಲು, ರಘು ದೀಕ್ಷಿತರದು ಇನ್ನೊಂದು ಸಾಲು, ಮುಂದೆ ಹಾಡುವವರಿಗಾಗಿ ಕೆಳಗೆ ಒಂದಿಷ್ಟು ಖಾಲಿ ಜಾಗ. ಪುಸ್ತಕ ಈ ತಿಂಗಳು ಕಲ್ಯಾಣದ ಮನೆಯಲ್ಲಿದೆ. ಮುಂದಿನ ಭಾನುವಾರ ಮೆಗಾಬ್ಲಾಕ್ ಇಲ್ಲದಿದ್ದರೆ ನೆರೂಲಿಗೆ ಹೋಗುತ್ತದೆ; ಇದ್ದರೆ ಒಂದು ಗಂಟೆ ತಡವಾಗಿ ಹೋಗುತ್ತದೆ.